ಉಪದೇಶದ ಶಾಸ್ತ್ರ ಮತ್ತು ಪ್ರಯೋಗ: ಸಿಯೆನಾ ನಗರದ ಒಂದು ಆಧಾರ

ಮಧ್ಯಯುಗದ ಯೂರೋಪಿನ ಧರ್ಮೋಪದೇಶಗಳನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಲ್ಯಾಟಿನ್ ಹಸ್ತಪ್ರತಿಗಳನ್ನೇ ಆಶ್ರಯಿಸುತ್ತಾರೆ. ಉಪದೇಶಕನು ಏನನ್ನು ಸಿದ್ಧಪಡಿಸಿಕೊಂಡನೆಂಬುದು ಅವುಗಳಿಂದ ತಿಳಿಯುತ್ತದೆ. ಜನರು ಏನನ್ನು ಕೇಳಿದರೆಂಬುದು ತಿಳಿಯುವುದಿಲ್ಲ. ಈ ಅಂತರವನ್ನು ಅಲಕ್ಷಿಸಿದರೆ ಈ ಕಲೆಯ ಇತಿಹಾಸವು ಬರಿಯ ಲಕ್ಷಣಗ್ರಂಥಗಳ ಇತಿಹಾಸವಾದೀತೆಂದು ನಾವು ಭಾವಿಸುತ್ತೇವೆ.

ಲಕ್ಷಣಗ್ರಂಥಗಳಿಗೇನೋ ಕೊರತೆಯಿಲ್ಲ. ಬೋಧಿಸುವುದು, ರಂಜಿಸುವುದು, ಮನಸ್ಸನ್ನು ಕದಲಿಸುವುದು ಎಂಬ ಸಿಸೆರೋವಿನ ತ್ರಿವಿಧ ಪ್ರಯೋಜನವನ್ನು ಸಂತ ಅಗಸ್ಟೀನನು ಐದನೆಯ ಶತಮಾನದಲ್ಲಿಯೇ ಕ್ರೈಸ್ತ ಬೋಧಕನಿಗೆ ಅನ್ವಯಿಸಿದ್ದನು. 1215ರ ನಾಲ್ಕನೆಯ ಲ್ಯಾಟರನ್ ಪರಿಷತ್ತು, ಸ್ವತಃ ಬೋಧಿಸಲಾರದ ಬಿಷಪ್ಪರು ಸಮರ್ಥರನ್ನು ನೇಮಿಸಬೇಕೆಂದು ವಿಧಿಸಿದ ಮೇಲೆ ಇಂತಹ ಗ್ರಂಥಗಳ ಅಗತ್ಯವು ಹೆಚ್ಚಿತು. 1322ರಲ್ಲಿ ರಾಬರ್ಟ್ ಆಫ್ ಬೇಸ್‌ವರ್ನನು ರಚಿಸಿದ ಕೃತಿಯು ಬೈಬಲಿನ ಒಂದು ವಾಕ್ಯವನ್ನಾರಿಸಿ ಅದನ್ನು ಮೂರು ಭಾಗಗಳಾಗಿ ವಿಂಗಡಿಸುವ ಕ್ರಮವನ್ನು ವಿವರಿಸುತ್ತದೆ. ಮೂರೇ ಏಕೆ? ತ್ರಿತ್ವದ ಗೌರವಾರ್ಥವೆಂಬ ಕಾರಣವನ್ನು ಹೇಳಿದ ಗ್ರಂಥಕಾರನು, ಉಪದೇಶದ ನಿಯತಕಾಲಕ್ಕೆ ಅದೇ ಅನುಕೂಲವೆಂಬ ಲೌಕಿಕ ಕಾರಣವನ್ನೂ ಸೇರಿಸುತ್ತಾನೆ! ಶಾಸ್ತ್ರಕಾರನು ಗಡಿಯಾರವನ್ನು ಮರೆತಿರಲಿಲ್ಲ.

ಪ್ರಯೋಗದ ವಿಷಯದಲ್ಲಿ ನಮಗೆ ದೊರೆತಿರುವ ಅಪೂರ್ವ ಆಧಾರವು ಸಿಯೆನಾದ್ದು. 1427ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿ ಬೆರ್ನಾರ್ದೀನೋ ಅಲ್ಲಿನ ಕಾಂಪೋ ಚೌಕದಲ್ಲಿ ನಲವತ್ತೈದು ಉಪದೇಶಗಳನ್ನು ನೀಡಿದನು. ಬೆನೆದೆತ್ತೋ ಎಂಬ ಬಟ್ಟೆಯ ಕಸುಬಿನವನು, ಹೆಂಡತಿಮಕ್ಕಳುಳ್ಳ ಬಡವನಾದರೂ, ಆ ದಿನಗಳಲ್ಲಿ ಕೆಲಸವನ್ನು ಬಿಟ್ಟು, ಕೇಳಿದ್ದನ್ನು ಮೇಣದ ಹಲಗೆಗಳ ಮೇಲೆ ಸಂಕ್ಷೇಪಲಿಪಿಯಲ್ಲಿ ಗೀಚಿಕೊಂಡು ಬಳಿಕ ಕಾಗದಕ್ಕಿಳಿಸಿದನು. ಒಂದು ಪದವನ್ನೂ ಬಿಟ್ಟಿಲ್ಲವೆಂಬ ಹೇಳಿಕೆಯನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ಆದರೆ ಬೆರ್ನಾರ್ದೀನೋ ತಾನೇ ಲ್ಯಾಟಿನ್ನಿನಲ್ಲಿ ಬರೆದಿಟ್ಟ ಉಪದೇಶಗಳು ಪ್ರಮಾಣವಚನಗಳಿಂದ ತುಂಬಿದ ಶಾಸ್ತ್ರಪ್ರಬಂಧಗಳಂತಿದ್ದರೆ, ಬೆನೆದೆತ್ತೋವಿನ ಬರಹದಲ್ಲಿ ಜನರಾಡುವ ಇಟಾಲಿಯನ್ ಮಾತೇ ಕೇಳಿಬರುತ್ತದೆ. ತೂಕಡಿಸುವವರಿಗೆ ಗದರಿಕೆಯುಂಟು, ವಿಷಯಾಂತರವುಂಟು, ಲೋಕಾಪವಾದಕ್ಕೆ ಅಂಜಿ ಕತ್ತೆಯನ್ನೇರಿ ಇಳಿಯುವ ಸಂನ್ಯಾಸಿ ಹಾಗೂ ಶಿಷ್ಯರ ಕಥೆಯುಂಟು. ತಂದೆ, ಮಗ, ಕತ್ತೆಯ ಕಥೆಯೆಂದು ನಮ್ಮ ಮಕ್ಕಳೂ ಬಲ್ಲರು. ಹಾಗೆಂದು ಶಾಸ್ತ್ರವು ಇಲ್ಲಿ ಮಾಯವಾಗಿಲ್ಲ. ಬೈಬಲ್ ವಾಕ್ಯ, ವಿಭಾಗ, ಉಪವಿಭಾಗಗಳೆಲ್ಲವೂ ಇವೆ; ಕೇಳುವವನಿಗೆ ದಾರಿ ತಪ್ಪದಿರಲೆಂದು ಅವನ್ನು ಎಣಿಸಿ ಹೇಳಲಾಗಿದೆ. ಲ್ಯಾಟಿನ್ ಪ್ರತಿಯಷ್ಟೇ ಉಳಿದಿದ್ದರೆ ಈ ಎಲುಬಿನ ಗೂಡನ್ನೇ ನಾವು ದೇಹವೆಂದು ವರ್ಣಿಸುತ್ತಿದ್ದೆವು.

ಬೋಧಕನು ಹೆಂಗಸರನ್ನು ಮೇಲಿಂದ ಮೇಲೆ ಪ್ರತ್ಯೇಕವಾಗಿ ಸಂಬೋಧಿಸುವುದು ಲಿಪಿಕಾರನ ಕಲ್ಪನೆಯೇನಲ್ಲ. ಸಾನೋ ದಿ ಪಿಯೆತ್ರೋವಿನ ಚಿತ್ರದಲ್ಲಿ ಅದೇ ಚೌಕವಿದೆ. ಮೊಣಕಾಲೂರಿದ ಗಂಡಸರ ಮತ್ತು ಹೆಂಗಸರ ನಡುವೆ ಉದ್ದಕ್ಕೂ ಒಂದು ಬಟ್ಟೆಯ ತೆರೆ ಕಟ್ಟಿದೆ.