ಕಂಪೆನಿ ನಾಟಕದ ಪ್ರೇಕ್ಷಕವರ್ಗ
1884ರಲ್ಲಿ ಸ್ಥಾಪಿತವಾದ ಗುಬ್ಬಿಯ ನಾಟಕ ಸಂಘವೂ ಅದರಂತಹ ಇತರ ಮಂಡಳಿಗಳೂ ಊರೂರು ತಿರುಗಿ, ತಗಡು ಹೊದಿಸಿದ ರಂಗಮಂದಿರವನ್ನೆಬ್ಬಿಸಿ ತಿಂಗಳುಗಟ್ಟಲೆ ಬೀಡುಬಿಡುತ್ತಿದ್ದ ಕಾಲದಲ್ಲಿ, ನಾಟಕವೆಂಬುದು ರಾತ್ರಿಯೂಟ ಮುಗಿದ ಬಳಿಕ ಆರಂಭವಾಗಿ ಕೋಳಿ ಕೂಗುವ ಹೊತ್ತಿಗೆ ಮಂಗಳ ಕಾಣುವ ಮಹೋತ್ಸವವಾಗಿದ್ದಿತು. ಕುರ್ಚಿ, ಬೆಂಚು, ನೆಲ, ಸ್ತ್ರೀಯರಿಗೆ ಪ್ರತ್ಯೇಕ ಸ್ಥಳವೆಂದು ಶ್ರೇಣಿಭೇದವೇನೋ ಇದ್ದಿತು. ಆದರೂ ರಸವಿಮರ್ಶೆಯ ಪರಮಾಧಿಕಾರವು ಕಡಲೆಕಾಯಿ ಸುಲಿಯುತ್ತ ಕುಳಿತ ನೆಲದವರದೇ ಎಂದು ನನ್ನ ಭಾವನೆ. ಹಾರ್ಮೋನಿಯಂ ಶ್ರುತಿ ಹಿಡಿದು, ನಟನು ಕಂದಪದ್ಯವನ್ನೆತ್ತಿಕೊಂಡು ಆಲಾಪನೆಯ ತುದಿಯಲ್ಲಿ ನಿಂತನೆಂದರೆ, ಅಲ್ಲಿಂದಲೇ ‘ಒನ್ಸ್ ಮೋರ್’ ಎಂಬ ಘೋಷವೇಳುವುದು; ಆಗ ಪ್ರಾಣಬಿಟ್ಟು ಒರಗಿದ್ದ ವೀರನೂ ಎದ್ದು ಕುಳಿತು, ಮರಣಗೀತವನ್ನು ಪುನಃ ಹಾಡಿ, ಪುನಃ ಸಾಯತಕ್ಕದ್ದು. ಇದನ್ನು ಅನೌಚಿತ್ಯವೆಂದು ಹಳಿದ ಪಂಡಿತರುಂಟು. ಪುರಾಣಕಥೆಯನ್ನು ತೊಟ್ಟಿಲಿನಿಂದಲೇ ಬಲ್ಲ ಆ ಜನರು ಕಾಸು ಕೊಡುತ್ತಿದ್ದುದು ಮೈಸೂರಿನ ಎ. ವಿ. ವರದಾಚಾರ್ಯರಂಥವರ ಕಂಠಕ್ಕೆಂಬುದನ್ನು ಆ ಪಂಡಿತರು ಗಣನೆಗೆ ತಂದುಕೊಂಡಂತಿಲ್ಲ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕಿಳಿಸಿದಾಗ ಕಿವಿಯ ಜೊತೆಗೆ ಕಣ್ಣಿಗೂ ಹಬ್ಬವಾಯಿತು. 1934ರಲ್ಲಿ ‘ಸತಿ ಸುಲೋಚನ’ ವಾಕ್ಚಿತ್ರವು ತೆರೆಕಂಡಿತು. ಅದರಲ್ಲಿ ಅಭಿನಯಿಸಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ರಂಗಭೂಮಿಯವರೇ ಆದುದರಿಂದ, ಅವರ ಹಿಂದೆಯೇ ನೆಲದವರೂ ಬರಬರುತ್ತ ಟಾಕೀಸಿನತ್ತ ಹೆಜ್ಜೆಹಾಕಿದರು.