ಕಾರವಾರದ ‘ಚಪಲ್’ ಯುದ್ಧನೌಕೆ 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿತ್ತೇ?

ಡಿಸೆಂಬರ್ 4ರ ನೌಕಾಪಡೆ ದಿನ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡಲು ಶುರುವಾಗುತ್ತದೆ. ಕಾರವಾರದ ಠಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಯುದ್ಧನೌಕೆ ಐಎನ್‌ಎಸ್ ಚಪಲ್‌ನ ಫೋಟೊ ಅದು. 1971ರ ಯುದ್ಧದಲ್ಲಿ ಪಾಕಿಸ್ತಾನದ ಕರಾಚಿ ಬಂದರನ್ನು ಧ್ವಂಸ ಮಾಡಿದ ಹಡಗು ಇದೇ, ನಮ್ಮ ಕರ್ನಾಟಕದಲ್ಲೇ ಇದೆ, ಎಲ್ಲರಿಗೂ ಕಳುಹಿಸಿ ಎಂಬುದು ಅದರ ಸಾರಾಂಶ. ಕೆಲವು ಪ್ರವಾಸ ಬರಹಗಳಲ್ಲೂ ಇದೇ ಮಾತಿದೆ.

ಮುಗದದಲ್ಲಿರುವ ನಮ್ಮ ಮನೆಯವರ ಗುಂಪಿಗೆ ಇದನ್ನು ಕಳುಹಿಸಿದ್ದು ನಮ್ಮ ಚಿಗವ್ವ. ಜೊತೆಗೊಂದು ವಾಯ್ಸ್ ಮೆಸೇಜ್: “ಕರಾಚಿ ಸುಟ್ಟ ಹಡಗಂತ ನೋಡವಾ, ಸೂಟಿಯೊಳಗ ಹುಡುಗ್ರನ್ನ ಕರ್ಕೊಂಡು ಹೋಗೂಣು.” ಹೋಗೋಣ, ಖಂಡಿತ ಹೋಗಬೇಕಾದ ಜಾಗ ಅದು. ಆದರೆ ಈ ಹಡಗು ಕರಾಚಿ ಸುಟ್ಟಿಲ್ಲ. ಸುಡುವುದಕ್ಕೆ ಸಾಧ್ಯವೂ ಇರಲಿಲ್ಲ.

ದಿನಾಂಕ ಏನು ಹೇಳುತ್ತದೆ?

ಐಎನ್‌ಎಸ್ ಚಪಲ್ ಭಾರತೀಯ ನೌಕಾಪಡೆಗೆ ಸೇರಿದ್ದು 1976ರ ನವೆಂಬರ್ 4ರಂದು. ಕರಾಚಿ ದಾಳಿ ನಡೆದದ್ದು 1971ರ ಡಿಸೆಂಬರ್‌ನಲ್ಲಿ. ಯುದ್ಧ ಮುಗಿದು ಸುಮಾರು ಐದು ವರ್ಷವಾದ ಮೇಲೆ ಈ ಹಡಗಿನ ಮೇಲೆ ನಮ್ಮ ಧ್ವಜ ಏರಿದೆ. ಅದು ನಿವೃತ್ತಿಯಾದದ್ದು 2005ರ ಮೇ 5ರಂದು. ಅದೇ ತಿಂಗಳ ಕೊನೆಗೆ ಕಾರವಾರದಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. 2006ರಲ್ಲಿ ಚಪಲ್ ವಸ್ತುಸಂಗ್ರಹಾಲಯವಾಯಿತು.

ಹೆಸರಿನ ಬಗ್ಗೆಯೂ ಒಂದು ಮಾತು. ಬಹಳ ಕಡೆ ಇದನ್ನು ‘ಚಾಪೆಲ್’ ಎಂದು ಬರೆಯುತ್ತಾರೆ. ಚರ್ಚಿಗೂ ಇದಕ್ಕೂ ಸಂಬಂಧವಿಲ್ಲ. ಇದು ಸಂಸ್ಕೃತದ ‘ಚಪಲ’, ಅಂದರೆ ಚುರುಕು, ವೇಗ. ನಮ್ಮಲ್ಲಿ ಬಾಯಿ ಚಪಲ ಎನ್ನುತ್ತೇವಲ್ಲ, ಅದೇ ಪದ.

ಹಾಗಾದರೆ ದಾಳಿ ಮಾಡಿದ್ದು ಯಾವ ಹಡಗುಗಳು?

ನಿಪಾತ್, ನಿರ್ಘಾತ್, ವೀರ್. ಈ ಮೂರು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಫಾರ್ವರ್ಡ್‌ನಲ್ಲಿ ಕಾಣೆಯಾಗಿರುವುದು ಇವೇ.

1971ರ ಡಿಸೆಂಬರ್ 4ರ ರಾತ್ರಿ, ‘ಆಪರೇಷನ್ ಟ್ರೈಡೆಂಟ್’ ಹೆಸರಿನ ಕಾರ್ಯಾಚರಣೆಯಲ್ಲಿ ಈ ಮೂರು ಕ್ಷಿಪಣಿ ದೋಣಿಗಳು ಕಿಲ್ತಾನ್ ಮತ್ತು ಕಚ್ಛಲ್ ಎಂಬ ಬೆಂಗಾವಲು ಹಡಗುಗಳ ಜೊತೆ ಕರಾಚಿಯ ಕಡೆಗೆ ಹೊರಟವು. ಹಗಲಿನಲ್ಲಿ ಶತ್ರು ವಿಮಾನಗಳಿಗೆ ಎಟುಕದಷ್ಟು ದೂರದಲ್ಲೇ ಇದ್ದು, ಕತ್ತಲಾದ ಮೇಲೆ ನುಗ್ಗಿದವು. ದಳದ ನೇತೃತ್ವ ವಹಿಸಿದ್ದ ಬಬ್ರು ಭಾನ್ ಯಾದವ್ ಅವರಿಗೆ ಮಹಾವೀರ ಚಕ್ರ ಸಂದಿತು. ನಿರ್ಘಾತ್ ಹಾರಿಸಿದ ಕ್ಷಿಪಣಿಗಳಿಂದ ಪಾಕಿಸ್ತಾನದ ಖೈಬರ್ ಎಂಬ ಯುದ್ಧನೌಕೆ ಮುಳುಗಿತು. ನಿಪಾತ್ ಒಂದು ಸರಕು ಹಡಗಿಗೆ ಹೊಡೆಯಿತು. ವೀರ್ ಗುರಿಗೆ ಸಿಕ್ಕಿದ್ದು ಮುಹಾಫಿಜ್ ಎಂಬ ನೆಲಬಾಂಬು ತೆರವು ನೌಕೆ. ಕಡಲಿನಲ್ಲಿ ಹುದುಗಿಸಿದ ಸ್ಫೋಟಕಗಳನ್ನು ತೆಗೆಯುವ ಹಡಗು ಅದು. ನಮ್ಮ ಕಡೆ ಒಂದು ದೋಣಿಯೂ ಹೋಗಲಿಲ್ಲ. ನಾಲ್ಕು ದಿನಗಳ ನಂತರ ನಡೆದ ‘ಆಪರೇಷನ್ ಪೈಥಾನ್’ನಲ್ಲಿ ವಿನಾಶ್ ಎಂಬ ಒಂದೇ ಕ್ಷಿಪಣಿ ದೋಣಿ ತನ್ನಲ್ಲಿದ್ದ ನಾಲ್ಕೂ ಕ್ಷಿಪಣಿಗಳನ್ನು ಹಾರಿಸಿತು. ಕರಾಚಿಯ ಕೇಮಾರಿ ತೈಲ ಟ್ಯಾಂಕ್‌ಗಳಿಗೆ ಬೆಂಕಿ ಬಿತ್ತು.

ಆ ದೋಣಿಗಳ ಕಥೆಯೇ ಸ್ವಾರಸ್ಯದ್ದು. ಸೋವಿಯತ್ ಒಕ್ಕೂಟದಿಂದ ಬಂದ ಅವುಗಳನ್ನು ಇಳಿಸಿಕೊಳ್ಳಲು ಅಂದು ಮುಂಬೈಯಲ್ಲಿ ಅಷ್ಟು ಭಾರ ಎತ್ತುವ ಕ್ರೇನ್ ಇರಲಿಲ್ಲ. ಕಲ್ಕತ್ತದಲ್ಲಿ ಇಳಿಸಿ, ಬೇರೆ ಹಡಗಿಗೆ ಕಟ್ಟಿ, ಇಡೀ ದಕ್ಷಿಣ ತೀರ ಸುತ್ತಿಸಿ ಮುಂಬೈಗೆ ಎಳೆದು ತರಲಾಯಿತು. ಅಂದರೆ ಕಾರವಾರದ ಮುಂದಿನ ಸಮುದ್ರದಲ್ಲೇ ಅವು ಹಾದುಹೋಗಿವೆ.

ನಿಮ್ಮ ಕಣ್ಣಿನಿಂದಲೇ ಪರೀಕ್ಷಿಸಬಹುದು

ಚಪಲ್ ಆ ದೋಣಿಗಳ ತಂಗಿ ಇದ್ದ ಹಾಗೆ. ಸೋವಿಯತ್‌ನಲ್ಲಿ ತಯಾರಾದ ‘ಓಸಾ’ ವರ್ಗದ ಮೊದಲ ಮಾದರಿ 1971ರಲ್ಲಿ ಹೋರಾಡಿತು. ಅದರ ಯಶಸ್ಸಿನ ನಂತರ ಬಂದ ಸುಧಾರಿತ ಎರಡನೇ ಮಾದರಿಯ ಎಂಟು ದೋಣಿಗಳಲ್ಲಿ ಚಪಲ್ ಒಂದು.

ಎರಡಕ್ಕೂ ವ್ಯತ್ಯಾಸ ತಿಳಿಯಲು ಪರಿಣತರೇ ಬೇಕಿಲ್ಲ. ಹಡಗಿನ ಎರಡೂ ಬದಿಯಲ್ಲಿ ಎರಡೆರಡು ಕ್ಷಿಪಣಿ ಕೋಶಗಳಿವೆ. ಅವುಗಳ ಆಕಾರ ನೋಡಿ. ಹಳೆಯ ಕ್ಷಿಪಣಿಗಳ ರೆಕ್ಕೆ ಮಡಚುತ್ತಿರಲಿಲ್ಲ, ಹಾಗಾಗಿ ಚಾಚಿದ ರೆಕ್ಕೆ ಸಮೇತ ಇಡಲು ಕಾರ್ ಗ್ಯಾರೇಜಿನಂತಹ ಚೌಕದ ಪೆಟ್ಟಿಗೆ ಬೇಕಾಗಿತ್ತು. ಮುಂದೆ ರೆಕ್ಕೆ ಮಡಚುವ ಕ್ಷಿಪಣಿ ಬಂತು, ದುಂಡನೆಯ ಕೊಳವೆ ಸಾಕಾಯಿತು. 1971ರ ನಿಪಾತ್, ನಿರ್ಘಾತ್‌ಗಳ ಹಳೆಯ ಫೋಟೊಗಳಲ್ಲಿ ಚೌಕ ಪೆಟ್ಟಿಗೆ ಕಾಣುತ್ತದೆ. ಕಾರವಾರದಲ್ಲಿ ಇರುವುದು ದುಂಡು ಕೊಳವೆ. ಫಾರ್ವರ್ಡ್ ಆಗಿ ಬಂದ ಫೋಟೊವನ್ನೇ ಸ್ವಲ್ಪ ದೊಡ್ಡದು ಮಾಡಿ ನೋಡಿದರೂ ಸಾಕು, ಅದರ ಒಕ್ಕಣೆ ಸುಳ್ಳೆಂದು ಆ ಫೋಟೊವೇ ಹೇಳುತ್ತದೆ.

ಈ ಗೊಂದಲ ಹುಟ್ಟುವುದು ಹೇಗೆ?

ಮೂಲ ಫಾರ್ವರ್ಡ್ ಯಾರದೆಂದು ಹುಡುಕುವುದು ವ್ಯರ್ಥ. ಒಂದೇ ವರ್ಗದ ಹಡಗು ಅಂದದ್ದು ಬಾಯಿಂದ ಬಾಯಿಗೆ ಹೋಗುತ್ತಾ ಅದೇ ಹಡಗು ಆಗಿರಬಹುದು ಎಂಬುದು ನನ್ನ ಊಹೆ. ನೌಕಾಪಡೆಯ ಒಂದು ಸಂಪ್ರದಾಯವೂ ಇಂಥ ಗೊಂದಲಕ್ಕೆ ದಾರಿ ಮಾಡುತ್ತದೆ: ಹೋದ ಹಡಗಿನ ಹೆಸರನ್ನು ಹೊಸ ಹಡಗಿಗೆ ಇಡುತ್ತಾರೆ, ನಾವು ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟ ಹಾಗೆ. ದಿಯುನಲ್ಲಿ ಐಎನ್‌ಎಸ್ ಖುಕ್ರಿ ಎಂಬ ಹಡಗು ಪ್ರದರ್ಶನಕ್ಕಿದೆ. 1971ರ ಡಿಸೆಂಬರ್ 9ರಂದು ಕ್ಯಾಪ್ಟನ್ ಮಹೇಂದ್ರ ನಾಥ್ ಮುಲ್ಲಾ ಅವರ ಜೊತೆ ಮುಳುಗಿದ ಖುಕ್ರಿ ಅದಲ್ಲ. ಆ ಖುಕ್ರಿ 18 ಅಧಿಕಾರಿಗಳು ಮತ್ತು 176 ನಾವಿಕರ ಸಮೇತ ಅರಬ್ಬಿ ಸಮುದ್ರದ ತಳದಲ್ಲಿದೆ. ಈಗ ನೋಡಲು ಸಿಗುವುದು 1989ರಲ್ಲಿ ಸೇವೆಗೆ ಬಂದ ಹೊಸ ಖುಕ್ರಿ.

ಇಷ್ಟು ಸಣ್ಣ ತಪ್ಪಿಗೆ ಇಷ್ಟೊಂದು ಮಾತೇಕೆ ಎಂದು ಚಿಗವ್ವ ಕೂಡ ಕೇಳಿದರು. ಅವರ ಮೊಮ್ಮಗ ಶಾಲೆಯ ಭಾಷಣಕ್ಕೆ ಆ ಸಂದೇಶವನ್ನೇ ಬರೆದುಕೊಂಡಿದ್ದ. ಅದರಲ್ಲಿ ಕರಾಚಿ ಇತ್ತು, ಚಪಲ್ ಇತ್ತು. ಜೀವ ಪಣಕ್ಕಿಟ್ಟು ಹೋದವರ ಹಡಗುಗಳ ಹೆಸರು ಒಂದೂ ಇರಲಿಲ್ಲ.

ಹಾಗಿದ್ದರೂ ನೋಡುವುದೇನಿದೆ?

ಬೇಕಾದಷ್ಟಿದೆ. ಚಪಲ್ 38.6 ಮೀಟರ್ ಉದ್ದ. ನಮ್ಮ ಸಾರಿಗೆ ಬಸ್ಸು ಮೂರನ್ನು ಸಾಲಾಗಿ ನಿಲ್ಲಿಸಿದರೆ ಅದಕ್ಕಿಂತ ತುಸು ಹೆಚ್ಚು. ತೂಕ ಸುಮಾರು 245 ಟನ್. ಎಂಜಿನ್ ಮೂರು, ಒಂದೊಂದರಲ್ಲೂ ನಕ್ಷತ್ರದ ಆಕಾರದಲ್ಲಿ ಜೋಡಿಸಿದ 56 ಸಿಲಿಂಡರ್‌ಗಳು. ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿ ನೀರಿನ ಮೇಲೆ ಓಡುತ್ತಿತ್ತು. ನಾವಿಕರು ಮಲಗುತ್ತಿದ್ದ ಇಕ್ಕಟ್ಟಿನ ಜಾಗ, ಸಮವಸ್ತ್ರ ತೊಡಿಸಿದ ಬೊಂಬೆಗಳು, ಮುಂದೆ ಹಿಂದೆ ಒಂದೊಂದು ಜೋಡಿನಳಿಗೆಯ 30 ಮಿ.ಮೀ. ಫಿರಂಗಿ ಎಲ್ಲ ನೋಡಬಹುದು. ಒಳಗೆ ತಲೆ ಬಗ್ಗಿಸಿ ನಡೆಯುವಾಗ, ಇದಕ್ಕಿಂತ ಹಳೆಯ ಮಾದರಿಯಲ್ಲಿ ಕುಳಿತು ಆ ರಾತ್ರಿ ಕರಾಚಿಗೆ ಹೋದವರ ಧೈರ್ಯ ಎಂಥದ್ದಿರಬೇಕು ಎಂದು ತಾನಾಗಿಯೇ ಹೊಳೆಯುತ್ತದೆ.

ನಮ್ಮ ಕಡೆಯಿಂದ ಹೋಗುವವರಿಗೆ ಹುಬ್ಬಳ್ಳಿ–ಯಲ್ಲಾಪುರ–ಅಂಕೋಲಾ ರಸ್ತೆಯೇ ಅನುಕೂಲ. ಮುಗದದಲ್ಲಿ ರೈಲು ನಿಲ್ದಾಣವಿದೆ ನಿಜ, ಆದರೆ ರೈಲಿನಲ್ಲಿ ಹೋಗಬೇಕೆಂದರೆ ಲೋಂಡಾ, ಮಡಗಾಂವ ಸುತ್ತಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಮಾತು ನಾನು ಹುಟ್ಟುವ ಮೊದಲಿನಿಂದಲೂ ನಡೆಯುತ್ತಲೇ ಇದೆ.

1971ರಲ್ಲಿ ನಿಜವಾಗಿ ಕೆಲಸ ಮಾಡಿದ ನೌಕೆಯನ್ನೇ ಮಕ್ಕಳಿಗೆ ತೋರಿಸಬೇಕೆಂದಿದ್ದರೆ ವಿಶಾಖಪಟ್ಟಣಕ್ಕೆ ಹೋಗಿ. ಅಲ್ಲಿನ ಕಡಲತೀರದಲ್ಲಿರುವ ಐಎನ್‌ಎಸ್ ಕುರ್ಸುರ ಜಲಾಂತರ್ಗಾಮಿ 1969ರಲ್ಲಿ ಸೇವೆಗೆ ಸೇರಿ, ಯುದ್ಧಕಾಲದಲ್ಲಿ ಗಸ್ತು ತಿರುಗಿದೆ. ಮುಂಬೈಯಲ್ಲಿ ಇನ್ನೂ ದೊಡ್ಡದೊಂದಿತ್ತು: 1971ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಹೋರಾಡಿದ ಮೊದಲ ವಿಕ್ರಾಂತ್. ನಿವೃತ್ತಿಯ ನಂತರ ವರ್ಷಗಟ್ಟಲೆ ವಸ್ತುಸಂಗ್ರಹಾಲಯವಾಗಿದ್ದ ಅದನ್ನು 2014ರಲ್ಲಿ ಒಡೆಯಲು ಶುರು ಮಾಡಿ ಗುಜರಿಗೆ ಹಾಕಿದೆವು. ನನ್ನ ಮಟ್ಟಿಗೆ, ಡಿಸೆಂಬರ್‌ನಲ್ಲಿ ಹಂಚಿಕೊಳ್ಳಬೇಕಾದ ಸುದ್ದಿ ಅದು.

ಅಂದಹಾಗೆ, ಈಗ ಚಪಲ್ ಪಕ್ಕದಲ್ಲೇ ಟುಪೊಲೆವ್ ಟಿಯು-142 ಎಂಬ ದೈತ್ಯ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. ಅದಕ್ಕೂ ಯಾರಾದರೂ 1971ರ ಕಥೆ ಅಂಟಿಸುವ ಮೊದಲೇ ಹೇಳಿಬಿಡುತ್ತೇನೆ: ಆ ವಿಮಾನಗಳು ನಮ್ಮ ನೌಕಾಪಡೆಗೆ ಬಂದದ್ದು 1988ರಲ್ಲಿ.