ಸುರಪುರ ಸೀಮೆಯ ಅಪರೂಪದ ಪುಸ್ತಕಗಳು: ಬೆಲೆ ಮತ್ತು ಲಭ್ಯತೆ

ಯಾದಗಿರಿ, ಶಹಾಪುರ, ಸುರಪುರಗಳಿಗೆ ಸಂಬಂಧಿಸಿದ ಹಳೆಯ ಪುಸ್ತಕಗಳ ವಿಷಯದಲ್ಲಿ ದುರ್ಲಭತೆಗೂ ಬೆಲೆಗೂ ತಾಳೆಯಾಗುವುದಿಲ್ಲ. ಸಂಗ್ರಾಹಕರು ಹೆಚ್ಚು ಹಣ ತೆರುವುದು ಲಂಡನ್, ಎಡಿನ್‌ಬರೊಗಳಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕಗಳಿಗೆ. ಅವಕ್ಕಿಂತ ಅಪರೂಪವಾದ ಕನ್ನಡ ಪುಸ್ತಿಕೆಗಳು ರದ್ದಿಯ ತಕ್ಕಡಿಯಲ್ಲಿ ತೂಗಿಹೋಗುತ್ತವೆ.

ಇಂಗ್ಲಿಷ್ ಪುಸ್ತಕಗಳ ಪೈಕಿ ಮುಖ್ಯವಾದವು ಫಿಲಿಪ್ ಮೆಡೋಸ್ ಟೇಲರ್ (1808–1876) ಅವರವು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಈ ಅಧಿಕಾರಿಯ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಅಲ್ಲಿನ ಗುಡ್ಡದ ಮೇಲಿದೆ. ಠಕ್ಕರ ಕುರಿತ ಅವರ ಮೊದಲ ಕಾದಂಬರಿ 'ಕನ್ಫೆಷನ್ಸ್ ಆಫ್ ಎ ಥಗ್' 1839ರಲ್ಲಿ, 'ತಾರಾ' 1863ರಲ್ಲಿ, ಚಾಂದ್‌ಬೀಬಿಯನ್ನು ಕುರಿತ 'ಎ ನೋಬಲ್ ಕ್ವೀನ್' 1878ರಲ್ಲಿ ಹೊರಬಂದವು. ಮೂರೂ ಮೂರು ಮೂರು ಸಂಪುಟಗಳಲ್ಲಿ.

ಇವುಗಳ ಇಂದಿನ ಬೆಲೆಯ ಗುಟ್ಟು ಈ ಮೂರು ಸಂಪುಟಗಳ ಪದ್ಧತಿಯಲ್ಲಿದೆ. ಆ ಕಾಲದ ಇಂಗ್ಲೆಂಡಿನಲ್ಲಿ ಇಂಥ ಕಾದಂಬರಿಗೆ ರೂಢಿಯ ಬೆಲೆ 31 ಷಿಲಿಂಗ್ 6 ಪೆನ್ಸ್. ಸಾಮಾನ್ಯ ಓದುಗರ ಕೈಗೆ ಅದು ಎಟುಕುತ್ತಿರಲಿಲ್ಲ. ಕೊಳ್ಳುತ್ತಿದ್ದವು ಬಾಡಿಗೆ ಗ್ರಂಥಾಲಯಗಳು. ಪ್ರತಿಗಳು ನೂರಾರು ಕೈ ದಾಟಿ ಸವೆದವು, ಹೊಸ ರಟ್ಟು ಕಂಡವು, ಲೇಬಲ್ಲು ಅಂಟಿಸಿಕೊಂಡವು. ಹಾಗಾಗಿ ಪ್ರಕಾಶಕರ ಮೂಲ ರಟ್ಟು ಉಳಿದಿರುವ, ಮೂರೂ ಸಂಪುಟಗಳು ಒಂದೇ ಸೆಟ್ಟಿನವಾಗಿರುವ ಪ್ರತಿ ಸಿಕ್ಕರೆ ಅದರ ಬೆಲೆಯೇ ಬೇರೆ. ಎರಡನೆಯ ಸಂಪುಟ ಕಳೆದ ಸೆಟ್ಟಿನಲ್ಲಿ ಉಳಿದೆರಡಕ್ಕೆ ಮೂರರಲ್ಲಿ ಎರಡು ಪಾಲು ಬೆಲೆಯೂ ಬರುವುದಿಲ್ಲ.

ಸುರಪುರದ ಓದುಗರಿಗೆ ಹೆಚ್ಚು ಬೇಕಾದದ್ದು ಟೇಲರರ ಆತ್ಮಕಥೆ 'ದಿ ಸ್ಟೋರಿ ಆಫ್ ಮೈ ಲೈಫ್'. ಅವರು ತೀರಿಕೊಂಡ ಮರುವರ್ಷ, 1877ರಲ್ಲಿ ಅದು ಪ್ರಕಟವಾಯಿತು. 1920ರಲ್ಲಿ ಹೆನ್ರಿ ಬ್ರೂಸ್ ಅವರ ಟಿಪ್ಪಣಿಗಳೊಂದಿಗೆ ಮತ್ತೆ ಬಂತು. ಮರುಮುದ್ರಣಗಳೂ ಉಚಿತ ಡಿಜಿಟಲ್ ಪ್ರತಿಗಳೂ ಬಂದ ಮೇಲೆ ಓದಲಷ್ಟೇ ಬೇಕೆನ್ನುವವರು ಹಳೆಯ ಪ್ರತಿಯ ಗೊಡವೆ ಬಿಟ್ಟಿದ್ದಾರೆ. ಇದರಿಂದ ಪೆಟ್ಟು ತಿಂದದ್ದು ನಡುವಿನ ಆವೃತ್ತಿಗಳು. ಮೊದಲ ಆವೃತ್ತಿಯನ್ನು ಕೊಳ್ಳುವವರು ಓದುವುದಕ್ಕಾಗಿಯೇ ಕೊಳ್ಳುವವರಲ್ಲವಾದ್ದರಿಂದ ಅದಕ್ಕೆ ಅಷ್ಟಾಗಿ ಬಿಸಿ ತಟ್ಟಿಲ್ಲ.

ವಿಜಯಪುರ ಮತ್ತು ಧಾರವಾಡ–ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಬಂದ ದೊಡ್ಡ ಗ್ರಂಥಗಳಿಗೂ ಟೇಲರ್ ಬರೆದಿದ್ದಾರೆ. ಅವುಗಳಲ್ಲಿ ಅಂಟಿಸಿರುವುದು ಅಸಲಿ ಛಾಯಾಚಿತ್ರಗಳು. ಬೆಲೆ ಕಟ್ಟುವವರು ಛಾಯಾಚಿತ್ರ ಸಂಗ್ರಾಹಕರು, ಬರಹ ಅಲ್ಲಿ ಲೆಕ್ಕಕ್ಕಿಲ್ಲ. ಸುರಪುರ ಸೀಮೆಯ ಬೃಹತ್ ಶಿಲಾ ಸಮಾಧಿಗಳ ಕುರಿತ ಅವರ ಲೇಖನಗಳ ಕಥೆ ಇದಕ್ಕೆ ತಿರುಗುಮುರುಗು. ರಾಜನ ಕೋಳೂರು, ಶಹಾಪುರ ಬಳಿಯ ವಿಭೂತಿಹಳ್ಳಿಗಳ ಶಿಲಾ ನೆಲೆಗಳನ್ನು ಬಲ್ಲವರಿಗೆ ಅವು ಅಮೂಲ್ಯ. ಆದರೆ ಮೊದಲು ಅಚ್ಚಾದಾಗ ಬಿಡಿ ಪುಸ್ತಕವಾಗಿ ಬರದೆ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯ ಸಂಪುಟಗಳೊಳಗೆ ಅಡಗಿರುವ ಕಾರಣ ಮಾರುಕಟ್ಟೆಗೆ ಅವುಗಳ ಗುರುತಿಲ್ಲ.

ಕನ್ನಡ ಪುಸ್ತಕಗಳ ಅಭಾವಕ್ಕೆ ಚರಿತ್ರೆಯೇ ಕಾರಣ. ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ, 1948ರವರೆಗೆ, ಇಲ್ಲಿ ಕಚೇರಿಯ ಭಾಷೆ ಉರ್ದು. ಕನ್ನಡದ ಅಚ್ಚುಮನೆಗಳು ಹೆಚ್ಚಾಗಿ ಗಡಿಯಾಚೆ, ಮುಂಬಯಿ ಪ್ರಾಂತದಂಥ ಕಡೆ ಇದ್ದವು. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. 1926ರಿಂದ 'ಶಿವಾನುಭವ' ಪತ್ರಿಕೆ ವಿಜಯಪುರದಿಂದ ಹೊರಟಿತು. ಇಂಥ ಪತ್ರಿಕೆಯ ಬಿಡಿ ಸಂಚಿಕೆ ಒಮ್ಮೊಮ್ಮೆ ಸಿಕ್ಕೀತು, ಪೂರ್ಣ ಸರಣಿ ಸಿಗುವುದು ಬಹು ಕಷ್ಟ. ಜಾತ್ರೆಯ ಪುಸ್ತಿಕೆ, ಪುರಾಣದ ಅಗ್ಗದ ಪ್ರತಿ, ಬಯಲಾಟದ ಪುಸ್ತಕಗಳು ಓದಿ ಓದಿಯೇ ಹರಿದವು. ಅಗ್ಗವಾಗಿದ್ದವೆಂದೇ ಯಾರೂ ಕಾಪಿಡಲಿಲ್ಲ. ಕೊಳ್ಳುವವರು ನಾಲ್ಕು ಮಂದಿಯಾದರೂ ಇಲ್ಲದ ಕಡೆ ಎಷ್ಟೇ ದುರ್ಲಭವಾದರೂ ಬೆಲೆ ಏರುವುದಿಲ್ಲ. ಈ ಭಾಗದವರಿಗೆ ಬೆಂಗಳೂರಿನ ಅವೆನ್ಯೂ ರಸ್ತೆಗಿಂತ ಹೈದರಾಬಾದಿನ ಆಬಿಡ್ಸ್‌ನ ರವಿವಾರದ ಪುಸ್ತಕದ ಸಂತೆ ಹತ್ತಿರ. ಅಲ್ಲಿ ಕನ್ನಡ ಪುಸ್ತಕ ಕಣ್ಣಿಗೆ ಬಿದ್ದರೆ ಮಾರುವವನಿಗೆ ಲಿಪಿ ತಿಳಿಯದಿರುವುದೇ ಕೊಳ್ಳುವವನ ಲಾಭ.

ಕೈಬರಹದ ಕಟ್ಟುಗಳದು ಬೇರೆ ಲೆಕ್ಕ. ಈ ಸೀಮೆಯ ಸಂತ ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನದ ಹಸ್ತಪ್ರತಿಗಳು ಭಕ್ತರಿಗೆ ಪೂಜೆಯ ವಸ್ತು, ಮಾರಾಟದ್ದಲ್ಲ. 1972ರ ಪುರಾವಸ್ತು ಕಾಯ್ದೆಯಂತೆ, ಚಾರಿತ್ರಿಕ ಅಥವಾ ಸಾಹಿತ್ಯಕ ಮಹತ್ವವುಳ್ಳ ಹಸ್ತಪ್ರತಿಗೆ 75 ವರ್ಷ ತುಂಬಿದರೆ ಅದು ಪುರಾವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ, ಪರವಾನಗಿಯಿಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ. ಅಂಥ ಕಟ್ಟು ಮಾರಾಟಕ್ಕೆ ಬಂದಾಗ ಬೆಲೆ ಕೇಳುವ ಮೊದಲು ಅದು ಯಾವ ಮನೆಯಿಂದ, ಯಾವ ಮಠದಿಂದ ಹೊರಟದ್ದೆಂದು ಕೇಳಬೇಕು.